ಧ್ವನಿ ಆರಿಸಿ ನೋಡಿದ ಆಸ್ಟನ್ ಮಾರ್ಟಿನ್

ಹಳೇ ಫಿಯೆಟ್ (ಮೈಸೂರು)

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟಿವಿಯ ಮುಂದೆ ಕುಳಿತು ಒಂದು ಕಿತಾಪತಿ ಮಾಡಿದೆ. ಅದರ ವರದಿಯನ್ನು ನಮ್ಮ ಕಾರುಪ್ರಿಯರ ಈ ವೇದಿಕೆಯಲ್ಲಿ ಒಪ್ಪಿಸುತ್ತಿದ್ದೇನೆ. ಬೈಯುವವರು ಬೈಯಬಹುದು.

ಬಿಬಿಸಿಯ ಕಾರು ಕಾರ್ಯಕ್ರಮ ಟಾಪ್ ಗೇರ್ ನೋಡುತ್ತಿದ್ದವರಿಗೆ 13ನೇ ಸರಣಿಯ ಕಡೆಯ ಸಂಚಿಕೆ ನೆನಪಿರಬೇಕು. 2009ರ ಆಗಸ್ಟ್. ಸಂಚಿಕೆಯ ತುದಿಯಲ್ಲಿ ಆಸ್ಟನ್ ಮಾರ್ಟಿನ್ ವಿ12 ವ್ಯಾಂಟೇಜ್ ಎಂಬ ಕಾರಿನ ಬಗ್ಗೆ ಕೆಲವೇ ನಿಮಿಷಗಳ ಒಂದು ಚಿತ್ರ ಬರುತ್ತದೆ. 6 ಲೀಟರ್ ಎಂಜಿನ್, 510 ಅಶ್ವಶಕ್ತಿ. ಬೇರೆ ವಾರವಾಗಿದ್ದರೆ ನಿರೂಪಕ ಜೆರೆಮಿ ಕ್ಲಾರ್ಕ್ಸನ್ ಈ ಅಂಕಿಗಳನ್ನು ಕೂಗಿ ಹೇಳಿ, ಹಿಂದಿನ ಟಯರ್‌ಗಳಿಂದ ಹೊಗೆ ಎಬ್ಬಿಸಿ, ಯಾರ ಮೇಲಾದರೂ ಒಂದು ಕುಹಕ ಎಸೆದು ಮುಗಿಸುತ್ತಿದ್ದ. ಅವತ್ತು ಹಾಗೆ ಮಾಡಲಿಲ್ಲ. ಪರಿಸರ, ಹಣಕಾಸಿನ ಮುಗ್ಗಟ್ಟು, ವೇಗದ ಮೇಲೆ ಸಾರಿದ ಯುದ್ಧ ಎಲ್ಲ ಸೇರಿ ಇಂಥ ಕಾರುಗಳ ಕಾಲ ಮುಗಿಯುತ್ತಿದೆ ಎಂದು ತಗ್ಗಿದ ದನಿಯಲ್ಲಿ ನಾಲ್ಕು ಮಾತಾಡಿ ಸುಮ್ಮನಾದ. ಉಳಿದದ್ದು ಮೋಡ, ಖಾಲಿ ರಸ್ತೆ, ಕಾರು ಮತ್ತು ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋನ ‘ಆ್ಯನ್ ಎಂಡಿಂಗ್ (ಅಸೆಂಟ್)’ ಎಂಬ ಸಂಗೀತ.

ಮೊದಲ ಸಲ ಧ್ವನಿ ಆರಿಸಿ ನೋಡಿದೆ. ಮಗ ಹಿಂದಿನಿಂದ ಬಂದು, “ಅಪ್ಪ, ಇದೇನು ವಿಮೆ ಕಂಪನಿಯ ಜಾಹೀರಾತೇ?” ಎಂದು ಕೇಳಿದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಎರಡನೆಯ ಸಲ ಅದೇ ಚಿತ್ರಕ್ಕೆ ಮೊಬೈಲಿನಿಂದ ಒಂದು ಕುಣಿತದ ಹಾಡು ಹಾಕಿದೆ. ಕಾರು ತಕ್ಷಣ ಅಗ್ಗವಾಯಿತು, ಮಾರಾಟದ ಮಳಿಗೆಯ ಮುಂದೆ ನಿಂತ ಹಾಗೆ. ಮೂರನೆಯ ಸಲ, ಕೈ ಸುಮ್ಮನಿರಲಾರದೆ, ಯಕ್ಷಗಾನದ ಚೆಂಡೆ ಹಾಕಿದೆ. ಗುಡ್ಡದ ಅಂಚಿನಿಂದ ಕಾರು ಇಣುಕಿದಾಗ ಬಣ್ಣದ ವೇಷ ಪರದೆಯ ಹಿಂದಿನಿಂದ ಮುಖ ತೋರಿಸಿದಂತಾಯಿತು! ಇನ್ನೇನು ಅಬ್ಬರಿಸುತ್ತದೆ ಎಂದು ಕಾದರೆ ಅಬ್ಬರಿಸುವುದೇ ಇಲ್ಲ, ಹಾಗೇ ಹೋಗಿಬಿಡುತ್ತದೆ.

ಕಡೆಗೆ ಮೂಲ ಸಂಗೀತದೊಂದಿಗೆ ನೋಡಿದೆ. ಹದಿನೈದು ವರ್ಷಗಳ ಹಿಂದೆ ಗಂಟಲು ಕಟ್ಟಿದಂತೆ ಈಗಲೂ ಕಟ್ಟಿತು. ಹಾಗಾದರೆ ಇಷ್ಟು ದಿನ ನಾನು ಮೆಚ್ಚಿದ್ದು ಕಾರನ್ನೋ, ಈನೋನನ್ನೋ, ಅಥವಾ ಎರಡನ್ನೂ ಕತ್ತರಿಸಿ ಜೋಡಿಸಿದ ಹೆಸರು ಗೊತ್ತಿಲ್ಲದ ಯಾರನ್ನೋ?

ಮೈಲೇಜ್ ಮಂಜ (ದಾವಣಗೆರೆ)

ಉತ್ತರ ನೀವೇ ಹೇಳಿದ್ದೀರಿ ಸರ್. ಅಷ್ಟು ಹೊತ್ತು ನೋಡಿದಿರಿ, ಡಿಕ್ಕಿ ಎಷ್ಟು ದೊಡ್ಡದು ಎಂದು ಗೊತ್ತಾಯಿತೇ? ಹಿಂದಿನ ಸೀಟು ಇದೆಯೇ? ಸರ್ವಿಸ್‌ಗೆ ಎಷ್ಟು ಖರ್ಚು? ಇದು ಕಾರಿನ ವಿಮರ್ಶೆಯಲ್ಲ, ಮದುವೆ ವಿಡಿಯೊ. ಹುಡುಗಿ ಕಿಟಕಿಯ ಬಳಿ ನಿಂತು ಮೋಡ ನೋಡುವುದು, ಹಿಂದೆ ಕೊಳಲು.

ಕತ್ತರಿ ಕೆಲಸ (ಬೆಂಗಳೂರು)

ಮಂಜಣ್ಣ, ಮದುವೆ ವಿಡಿಯೊವನ್ನು ಬೈಯಬೇಡಿ. ನನ್ನ ಅನ್ನ ಶುರುವಾದದ್ದೇ ಅಲ್ಲಿಂದ. ಈಗ ಜಾಹೀರಾತು, ಧಾರಾವಾಹಿ ಎಡಿಟ್ ಮಾಡುತ್ತೇನೆ, ಆದರೆ ಕೈ ಪಳಗಿದ್ದು ಮುಹೂರ್ತದ ಗಲಾಟೆಯಲ್ಲೇ.

ಫಿಯೆಟ್ ಸರ್, ನೀವು ಹೇಳಿದ ಚಿತ್ರ ಸುಂದರವಾದದ್ದು, ಒಪ್ಪುತ್ತೇನೆ. ಆದರೆ ಎಡಿಟಿಂಗ್ ಎಂದರೆ ಏನು ಎಂದು ಹೊಸಬರಿಗೆ ತೋರಿಸಬೇಕಾದಾಗ ನಾನು ಬೇರೊಂದು ಸಂಚಿಕೆ ಹಾಕುತ್ತೇನೆ. 2005ರ ಬುಗಾಟಿ ವೇರಾನ್ ಪಂದ್ಯ. ಇಟಲಿಯ ಆಲ್ಬಾದಿಂದ ಲಂಡನ್‌ಗೆ ಒಂದು ಟ್ರಫಲ್ ಅಣಬೆಯನ್ನು ತಲುಪಿಸಬೇಕು. ಕ್ಲಾರ್ಕ್ಸನ್ ವೇರಾನ್ ಕಾರಿನಲ್ಲಿ, ಉಳಿದಿಬ್ಬರು ನಿರೂಪಕರಾದ ಜೇಮ್ಸ್ ಮೇ ಮತ್ತು ರಿಚರ್ಡ್ ಹ್ಯಾಮಂಡ್ ಒಂದು ಪುಟ್ಟ ಸೆಸ್ನಾ ವಿಮಾನದಲ್ಲಿ. ಸ್ವಲ್ಪ ಯೋಚಿಸಿ, ಅಲ್ಲಿ ಪಂದ್ಯ ಎಲ್ಲಿದೆ? ಒಬ್ಬ ಹೆದ್ದಾರಿಯಲ್ಲಿದ್ದಾನೆ, ಇಬ್ಬರು ಆಕಾಶದಲ್ಲಿದ್ದಾರೆ. ಗಂಟೆಗಟ್ಟಲೆ ಒಬ್ಬರ ಕಣ್ಣಿಗೆ ಒಬ್ಬರು ಬೀಳುವುದಿಲ್ಲ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವ ಕಾರಿಗಿಂತ ಬೇಸರದ ದೃಶ್ಯ ಭೂಮಿಯ ಮೇಲಿಲ್ಲ. ಅದಕ್ಕಿಂತ ಬೇಸರದ್ದು ಮೋಡದ ಮೇಲೆ ನಿಂತಂತೆ ಕಾಣುವ ವಿಮಾನ.

ಈ ಎರಡು ಬೇಸರಗಳನ್ನು ಜಡೆಯಂತೆ ಹೆಣೆದಾಗ ಪಂದ್ಯ ಹುಟ್ಟುತ್ತದೆ. ಕಾರಿನವನು ದಾರಿ ತಪ್ಪುವ ಕ್ಷಣಕ್ಕೆ ಸರಿಯಾಗಿ ಅವನನ್ನು ಬಿಟ್ಟು ವಿಮಾನಕ್ಕೆ ಹಾರಬೇಕು. ವಿಮಾನದವರಿಗೆ ತೊಡಕು ಎದುರಾದ ಕೂಡಲೇ ಮತ್ತೆ ಕಾರಿಗೆ. ವಿಮಾನ ಹಾರಿಸುತ್ತಿದ್ದ ಜೇಮ್ಸ್ ಮೇಗೆ ರಾತ್ರಿ ಹಾರಲು ಪರವಾನಗಿ ಇರಲಿಲ್ಲ, ಅವರು ಫ್ರಾನ್ಸಿನ ಲೀಲ್‌ನಲ್ಲಿ ಇಳಿದು ರೈಲು ಹಿಡಿಯಬೇಕಾಯಿತು. ಆ ಒಂದು ಸಂಗತಿಯನ್ನು ಯಾವ ನಿಮಿಷದಲ್ಲಿ ನೋಡುಗನಿಗೆ ಬಿಟ್ಟುಕೊಡಬೇಕು ಎನ್ನುವುದರ ಮೇಲೆ ಇಡೀ ಸಂಚಿಕೆ ನಿಂತಿದೆ. ಮೊದಲೇ ಹೇಳಿದರೆ ಕಾರು ಗೆದ್ದಾಯಿತು, ತೀರ ತಡವಾಗಿ ಹೇಳಿದರೆ ಮೋಸ ಎನಿಸುತ್ತದೆ. ನಮ್ಮ ಧಾರಾವಾಹಿಗಳಲ್ಲಿ ಬಾಗಿಲು ತೆರೆಯುವ ಮುಂಚೆ ಮೂರು ಮುಖಗಳನ್ನು ತೋರಿಸುತ್ತೇವಲ್ಲ, ಅದರ ದೊಡ್ಡಪ್ಪ ಇದು. ನಾವು ಮಾಡಿದರೆ ನಗುತ್ತಾರೆ, ಅವರು ಮಾಡಿದರೆ ಕಲೆ ಎನ್ನುತ್ತಾರೆ, ಇರಲಿ.

ತಂಬೂರಿ (ಶಿವಮೊಗ್ಗ)

ಚೆಂಡೆ ಯಾಕೆ ಒಗ್ಗಲಿಲ್ಲ ಎನ್ನುವುದಕ್ಕೆ ನನಗೆ ಗೊತ್ತಿರುವ ದಾರಿಯಲ್ಲಿ ಉತ್ತರ ಹೇಳುತ್ತೇನೆ. ಕಾರಿನ ವಿಷಯದಲ್ಲಿ ನಾನು ದಡ್ಡಿ, ಸಂಗೀತ ಪಾಠ ಮಾಡುವವಳು.

ಈನೋನ ಆ ತುಣುಕು ಕಾರಿಗಾಗಿ ಬರೆದದ್ದಲ್ಲ. ಮನುಷ್ಯ ಚಂದ್ರನ ಮೇಲೆ ಹೋದ ಅಪೋಲೊ ಯಾತ್ರೆಗಳ ಬಗೆಗಿನ ಸಾಕ್ಷ್ಯಚಿತ್ರಕ್ಕಾಗಿ ಮಾಡಿದ್ದು, ಆಲ್ಬಂ ಆಗಿ ಬಂದದ್ದು 1983ರಲ್ಲಿ. ಭಾರವಿಲ್ಲದೆ ತೇಲುವವರಿಗಾಗಿ ಮಾಡಿದ ಸಂಗೀತ. ಅದರಲ್ಲಿ ತಾಳವಿಲ್ಲ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಅನಿಬದ್ಧ, ಆಲಾಪನೆಯ ಹಾಗೆ. ತಾಳವಿರುವ ಸಂಗೀತ ಹಾಕಿದ ಕೂಡಲೇ ನೋಡುಗನ ಕಣ್ಣು ಪ್ರತಿ ಪೆಟ್ಟಿಗೂ ಒಂದು ಹೊಸ ದೃಶ್ಯವನ್ನು ಬೇಡುತ್ತದೆ. ಪೆಟ್ಟು ಬಿದ್ದಾಗ ದೃಶ್ಯ ಬದಲಾಗದಿದ್ದರೆ ಏನೋ ತಪ್ಪಿದಂತೆ ಅನಿಸುತ್ತದೆ. ಸಭೆಯಲ್ಲಿ ಯಾರೋ ತಪ್ಪು ಜಾಗದಲ್ಲಿ ಚಪ್ಪಾಳೆ ಹಾಕಿದ ಹಾಗೆ. ಆ ಚಿತ್ರದ ದೃಶ್ಯಗಳು ಉದ್ದ, ಅವು ಉಸಿರಿನ ಲೆಕ್ಕದಲ್ಲಿ ಬದಲಾಗುತ್ತವೆ. ಹಾಗಾಗಿ ಚೆಂಡೆಯೂ ಸೋತಿತು, ಕುಣಿತದ ಹಾಡೂ ಸೋತಿತು.

ಇನ್ನೊಂದು. ಎಂಜಿನ್‌ಗೂ ಶ್ರುತಿ ಇದೆ. ತಮ್ಮ ಮೆಕ್ಯಾನಿಕಲ್ ಓದಿದವನು, ಅವನಿಂದ ಲೆಕ್ಕ ಹಾಕಿಸಿದೆ. 12 ಸಿಲಿಂಡರ್‌ಗಳ ಎಂಜಿನ್ ಒಂದು ಸುತ್ತಿಗೆ 6 ಸಲ ಸಿಡಿಯುತ್ತದೆ. ನಿಮಿಷಕ್ಕೆ 6000 ಸುತ್ತು ಎಂದರೆ ಸೆಕೆಂಡಿಗೆ 600 ಸಿಡಿತ, ಅಂದರೆ 600 ಹರ್ಟ್ಜ್. ಅದು ಹೆಣ್ಣು ದನಿ ತಾರಸ್ಥಾಯಿಯಲ್ಲಿ ಸುಳಿದಾಡುವ ಜಾಗ. ವಿ12 “ಹಾಡುತ್ತದೆ” ಎಂದು ನೀವೆಲ್ಲ ಬರೆಯುವುದು ಬರೀ ಉಪಮೆ ಎಂದುಕೊಂಡಿದ್ದೆ. ಈನೋ ಹಿಂದೆ ನಿಧಾನವಾಗಿ ಹರಡಿಕೊಂಡಿರುವಾಗ ಆ ಎಂಜಿನ್ ಮೇಲಕ್ಕೆ ಹೋಗಿ ಇಳಿದರೆ, ತಂಬೂರಿಯ ಮೇಲೆ ಗಾಯಕಿ ಒಂದು ಸಂಚಾರ ಮಾಡಿ ಬಂದ ಹಾಗೆಯೇ ಅಲ್ಲವೇ?

ಹಳೇ ಫಿಯೆಟ್

ಮೇಡಂ, ಈ ಒಂದು ಉತ್ತರಕ್ಕಾಗಿ ಭಾನುವಾರದ ನಿದ್ದೆ ಕೆಡಿಸಿಕೊಂಡದ್ದು ಸಾರ್ಥಕ.

ಕಾವೆಂಟ್ರಿ ಕನ್ನಡತಿ (ಇಂಗ್ಲೆಂಡ್)

ಇಲ್ಲಿ ಯಾರೂ ಎತ್ತದ ಒಂದು ವಿಷಯವಿದೆ. ಅದು ಸಂಗೀತ ಬಳಸುವ ಪರವಾನಗಿ. ಕಲೆಯ ನಡುವೆ ಕಚೇರಿ ಕಾಗದ ತಂದಳು ಎಂದು ಬೇಸರ ಪಡಬೇಡಿ.

ಬಿಬಿಸಿ ಇಲ್ಲಿನ ಸಂಗೀತ ಹಕ್ಕುದಾರರ ಸಂಸ್ಥೆಗಳ ಜೊತೆ ಸಗಟು ಒಪ್ಪಂದ ಮಾಡಿಕೊಂಡಿದೆ. ವರ್ಷಕ್ಕೆ ಇಷ್ಟು ಎಂದು ಒಟ್ಟಾಗಿ ಕೊಟ್ಟರೆ ಮುಗಿಯಿತು, ಬಿಡುಗಡೆಯಾದ ಬಹುಪಾಲು ಹಾಡುಗಳನ್ನು ಒಂದೊಂದಕ್ಕೂ ಚೌಕಾಸಿ ಮಾಡದೆ ಬಳಸಬಹುದು. ಟಾಪ್ ಗೇರ್ ಎಡಿಟರ್‌ಗಳು ಮಹಡಿಯ ಉಗ್ರಾಣಕ್ಕೆ ಬಿಟ್ಟ ಮಕ್ಕಳಂತೆ ಸಂಗೀತವನ್ನು ಬಾಚಿಕೊಂಡದ್ದು ಇದರಿಂದಲೇ. ಸಿನಿಮಾದ ಹಿನ್ನೆಲೆ ಸಂಗೀತ, ರಾಕ್, ಎಲೆಕ್ಟ್ರಾನಿಕ್, ಒಂದೇ ಚಿತ್ರದಲ್ಲಿ ಎಲ್ಲವೂ ಇರುತ್ತಿತ್ತು. ಆದರೆ ಆ ಒಪ್ಪಂದ ಬ್ರಿಟನ್ನಿನ ಪ್ರಸಾರಕ್ಕೆ ಮಾತ್ರ. ಡಿವಿಡಿಗೆ, ಹೊರದೇಶದ ವಾಹಿನಿಗಳಿಗೆ ಕೊಡುವಾಗ ಎಷ್ಟೋ ಹಾಡುಗಳನ್ನು ಕಿತ್ತು, ಆ ಜಾಗಕ್ಕೆ ಗಜದ ಲೆಕ್ಕದಲ್ಲಿ ಸಿಗುವ ಸಿದ್ಧ ಸಂಗೀತವನ್ನು (ಲೈಬ್ರರಿ ಮ್ಯೂಸಿಕ್) ತುಂಬುತ್ತಿದ್ದರು.

ಬೆಂಗಳೂರಿನಲ್ಲಿದ್ದಾಗ ಟಿವಿಯಲ್ಲಿ ನೋಡಿದ ಕೆಲವು ಸಂಚಿಕೆಗಳನ್ನು ಇಲ್ಲಿಗೆ ಬಂದ ಮೇಲೆ ಮತ್ತೆ ನೋಡಿದೆ. ಚಿತ್ರ ಅದೇ, ಜೋಕು ಅದೇ, ಆದರೆ ಸಂಗೀತ ಬೇರೆ. ತಂಬೂರಿ ಮೇಡಂ ಹೇಳಿದ ತಾಳದ ಸಮಸ್ಯೆ ಅಲ್ಲಿ ಢಾಳಾಗಿ ಕಾಣುತ್ತದೆ. ಮೂಲ ಹಾಡಿನ ಪೆಟ್ಟಿಗೆ ಕತ್ತರಿಸಿದ ದೃಶ್ಯ, ಬದಲಿ ಸಂಗೀತದ ಪೆಟ್ಟಿಗಿಂತ ಅರ್ಧ ಸೆಕೆಂಡು ಮುಂಚೆಯೋ ಹಿಂದೆಯೋ ಬೀಳುತ್ತದೆ. ಕಾರಣ ಗೊತ್ತಿಲ್ಲದ ನೋಡುಗನಿಗೆ “ಈ ಸಂಚಿಕೆ ಯಾಕೋ ಸಪ್ಪೆ” ಎನಿಸುತ್ತದೆ, ಅಷ್ಟೆ. ಆದ್ದರಿಂದ ನಮ್ಮಲ್ಲಿ ಯಾರಾದರೂ ಒಂದು ಸಂಚಿಕೆಯನ್ನು ಬೈಯುವ ಮುನ್ನ ಯಾವ ಪ್ರತಿ ನೋಡಿದ್ದೀರಿ ಎಂದು ಹೇಳಿ.

ಶೀರ್ಷಿಕೆ ಸಂಗೀತದ ಬಗ್ಗೆಯೂ ಒಂದು ಮಾತು. 1977ರಲ್ಲಿ ಬರ್ಮಿಂಗ್‌ಹ್ಯಾಮಿನ ಪ್ರಾದೇಶಿಕ ಕಾರ್ಯಕ್ರಮವಾಗಿ ಶುರುವಾದ ಟಾಪ್ ಗೇರ್‌ನ ಗುರುತು ‘ಜೆಸಿಕಾ’. ಅಮೆರಿಕದ ಆಲ್‌ಮನ್ ಬ್ರದರ್ಸ್ ಬ್ಯಾಂಡ್‌ನ 1973ರ ವಾದ್ಯಸಂಗೀತ. ಡಿಕಿ ಬೆಟ್ಸ್ ಅದಕ್ಕೆ ತನ್ನ ಪುಟ್ಟ ಮಗಳ ಹೆಸರಿಟ್ಟ. ನಡೆಯಲು ಕಲಿಯುವ ವಯಸ್ಸಿನ ಕೂಸಿನ ಕುಣಿದಾಟ ಅರ್ಧ ಜಗತ್ತಿಗೆ ಕಾರಿನ ಸದ್ದಾಗಿ ಕೇಳುತ್ತಿದೆ.

ಘಾಟಿರಸ್ತೆ (ಬೆಳ್ತಂಗಡಿ)

ಎಲ್ಲರಿಗೂ ನಮಸ್ಕಾರ. ನಾನು ಓದುವವನೇ ಹೊರತು ಬರೆಯುವವನಲ್ಲ. ಈಗ ಬರೆಯಲೇಬೇಕಾಗಿದೆ, ಏಕೆಂದರೆ ನೀವೆಲ್ಲ ಹೇಳುತ್ತಿರುವ ಪ್ರತಿ ತಪ್ಪನ್ನೂ ನಾನು ಒಂದೇ ವಿಡಿಯೊದಲ್ಲಿ ಮಾಡಿದ್ದೇನೆ.

ನನ್ನದು 3 ಸಿಲಿಂಡರ್‌ನ 1 ಲೀಟರ್ ಕಾರು. ಕಳೆದ ತಿಂಗಳು ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದವರೆಗೆ ಹೋಗಿ, ನೀರುದೋಸೆ ತಿಂದು, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಬಂದೆ. ಬೆಳಕು ಚೆನ್ನಾಗಿತ್ತು, ಗುಡ್ಡ ಹಸಿರಾಗಿತ್ತು. ಮನೆಗೆ ಬಂದು ನೋಡಿದರೆ: ಒಂದು, ಕಾರು ಮುಂದೆ ಹೋಗುತ್ತಿದೆ, ಚಕ್ರ ನಿಂತಿದೆ, ಒಂದೆರಡು ಕಡೆ ಹಿಂದಕ್ಕೆ ತಿರುಗುತ್ತಿದೆ. ಎರಡು, ಘಾಟಿ ಹತ್ತುತ್ತಿದ್ದೇನೋ ಇಳಿಯುತ್ತಿದ್ದೇನೋ ನನಗೇ ಗೊತ್ತಾಗುತ್ತಿಲ್ಲ. ಮೂರು, ಎಂಜಿನ್ ಸದ್ದು ಅಡುಗೆಮನೆಯ ಮಿಕ್ಸಿಯ ಹಾಗಿದೆ. ಅಮ್ಮ ನೋಡಿ “ಚಟ್ನಿಗೆ ಕಾಯಿ ಹಾಕಿದೆಯಾ?” ಎಂದರು. ಯಾರಾದರೂ ದಾರಿ ತೋರಿಸಿ.

ಕತ್ತರಿ ಕೆಲಸ

ತಮ್ಮ, ಮೊದಲು ಚಕ್ರ. ಮೊಬೈಲ್ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ನಿನ್ನ ಚಕ್ರದ ಮುಚ್ಚಳದಲ್ಲಿ 5 ಕಡ್ಡಿಗಳಿದ್ದರೆ, ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಚಕ್ರ ಸರಿಯಾಗಿ ಐದನೇ ಒಂದು ಸುತ್ತು ತಿರುಗಿದಾಗ ಮುಂದಿನ ಕಡ್ಡಿ ಹಿಂದಿನದರ ಜಾಗಕ್ಕೆ ಬಂದು ನಿಲ್ಲುತ್ತದೆ. ಅಂದರೆ ಸೆಕೆಂಡಿಗೆ 6 ಸುತ್ತು. ಸಣ್ಣ ಕಾರಿನ ಟಯರ್ ಸುತ್ತಳತೆ ಸುಮಾರು 1.8 ಮೀಟರ್. ಲೆಕ್ಕ ಹಾಕು: ಗಂಟೆಗೆ ಸುಮಾರು 39 ಕಿಲೋಮೀಟರ್. ಘಾಟಿಯಲ್ಲಿ ನೀನು ಓಡಿಸುವ ವೇಗವೇ ಅದು! ಅದಕ್ಕಿಂತ ತುಸು ಕಡಿಮೆಯಾದರೆ ಚಕ್ರ ಹಿಂದಕ್ಕೆ ಉರುಳುತ್ತದೆ.

ಇದು ಟಿವಿಯವರಿಗೂ ಇದ್ದದ್ದೇ. ಅವರು ಕಡ್ಡಿಯನ್ನು ಮಸುಕಾಗಿಸಿ ಬಚಾವಾಗುತ್ತಾರೆ. ಬಿಸಿಲಿನಲ್ಲಿ ಮೊಬೈಲ್ ತನ್ನಷ್ಟಕ್ಕೆ ಶಟರ್ ಅನ್ನು, ಅಂದರೆ ಬೆಳಕಿಗೆ ತೆರೆದಿರುವ ಹೊತ್ತನ್ನು, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೋ ಎರಡು ಸಾವಿರದಲ್ಲೊಂದು ಭಾಗಕ್ಕೋ ಇಳಿಸುತ್ತದೆ, ಪ್ರತಿ ಕಡ್ಡಿಯೂ ಕೆತ್ತಿದ ಹಾಗೆ ಸ್ಪಷ್ಟ. ಸೆಕೆಂಡಿಗೆ 30 ಚಿತ್ರವಿದ್ದರೆ ಶಟರ್ 60ರ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಬ್ರಿಟನ್ನಿನ ಟಿವಿಗೆ 25 ಚಿತ್ರ, ಅಲ್ಲಿ 50ರ ಒಂದು ಭಾಗ. ಅಷ್ಟು ಹೊತ್ತು ತೆರೆದಿಟ್ಟರೆ ಬಿಸಿಲಿಗೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ಅದಕ್ಕೇ ಎನ್‌ಡಿ ಫಿಲ್ಟರ್, ಲೆನ್ಸ್‌ಗೆ ತಂಪು ಕನ್ನಡಕ. ಮೊಬೈಲಿಗೆ ಸಿಕ್ಕಿಸುವ ಅಗ್ಗದವೂ ಸಿಗುತ್ತವೆ. ರಸ್ತೆ, ಬೇಲಿ, ಹುಲ್ಲು ಎಲ್ಲ ಗೆರೆ ಎಳೆದಂತೆ ಹರಿದು, ಕಾರು ಮಾತ್ರ ನಿಚ್ಚಳವಾಗಿ ನಿಲ್ಲುವುದು ಆಗ. ಟಾಪ್ ಗೇರ್‌ನ “ವೇಗ”ದ ಅರ್ಧ ಪಾಲು ಈ ಗಾಜಿನದು. ಗಂಟೆಗೆ 50ರಲ್ಲಿ ಹೋಗುವ ಕಾರನ್ನು ನೆಲಕ್ಕೆ ತಾಗಿಸಿದ ಅಗಲ ಲೆನ್ಸ್‌ನಲ್ಲಿ ಹಿಡಿದರೆ 150 ಎಂದು ನಂಬುತ್ತೀರಿ.

ಪೋಲರೈಸರ್ ಎಂಬ ಇನ್ನೊಂದು ಫಿಲ್ಟರ್ ಇದೆ. ತಿರುಗಿಸಿದರೆ ಮುಂಗಾಜಿನ ಮೇಲಿನ ಆಕಾಶ ಅಳಿಸಿಹೋಗಿ ಒಳಗೆ ಕುಳಿತವನ ಮುಖ ಕಾಣುತ್ತದೆ. ಆದರೆ ಹಿಂಗಾಜಿನ ಮೇಲೆ ಚಿರತೆಯ ಚುಕ್ಕೆಗಳಂತೆ ಕಲೆ ಕಂಡರೆ ಗಾಬರಿಯಾಗಬೇಡ, ಕಾರು ತೊಳೆಯಲೂ ಹೋಗಬೇಡ. ಕಾಯಿಸಿ ಹದಗೊಳಿಸಿದ ಗಾಜಿನೊಳಗಿನ ಒತ್ತಡ ಹಾಗೆ ಕಾಣುತ್ತದೆ. ನಾನು ಮೊದಲ ಸಲ ಒಂದು ಜಾಹೀರಾತಿನಲ್ಲಿ ಇದನ್ನು ನೋಡಿ ಕ್ಲೀನರ್ ಹುಡುಗನನ್ನು ಬೈದಿದ್ದೆ. ಆಮೇಲೆ ಕ್ಷಮೆ ಕೇಳಿ ಕಾಫಿ ಕೊಡಿಸಿದೆ.

ಎರಡನೆಯದು ಹತ್ತುವುದು–ಇಳಿಯುವುದು. ಪರದೆಯ ಮೇಲೆ ಕಾರು ಎಡದಿಂದ ಬಲಕ್ಕೆ ಹೊರಟಿದ್ದರೆ ಮುಂದಿನ ದೃಶ್ಯದಲ್ಲೂ ಹಾಗೇ ಹೋಗಬೇಕು. ಇಲ್ಲದಿದ್ದರೆ ಮನೆಯಲ್ಲಿ ಒಲೆ ಆರಿಸಿದ್ದೇನೋ ಇಲ್ಲವೋ ನೋಡಲು ವಾಪಸು ಹೊರಟಂತೆ ಕಾಣುತ್ತದೆ. ಸಪಾಟು ರಸ್ತೆಯಲ್ಲಿ ಇದು ಸುಲಭ. ಘಾಟಿಯಲ್ಲಿ ಪ್ರತಿ ತಿರುವಿಗೂ ದಿಕ್ಕು ಮಗುಚುತ್ತದೆ. ಆದ್ದರಿಂದ ತಿರುವನ್ನೇ ತೋರಿಸು. ಕ್ಯಾಮೆರಾ ತಿರುವಿನ ಒಳಮಗ್ಗುಲಲ್ಲಿ, ರಸ್ತೆಯಿಂದ ಆಚೆ ಭದ್ರವಾದ ಜಾಗದಲ್ಲಿ ಇರಲಿ. ಕಾರು ಕೆಳಗಿನಿಂದ ಬಂದು, ನಿನ್ನ ಕಣ್ಣೆದುರೇ ತಿರುಗಿ, ಮೇಲೆ ಹೋಗಲಿ. ದಿಕ್ಕು ಬದಲಾದದ್ದನ್ನು ನೋಡುಗ ನೋಡಿಬಿಟ್ಟರೆ ಆಮೇಲೆ ನೀನು ಏನು ಮಾಡಿದರೂ ನಂಬುತ್ತಾನೆ.

ವೃತ್ತಿಯವರು ಮುಂದಿನ ಕಾರಿನ ಡಿಕ್ಕಿ ತೆರೆದು, ಬೆಲ್ಟ್ ಕಟ್ಟಿಕೊಂಡು ಹಿಂದಕ್ಕೆ ಮುಖ ಮಾಡಿ ಕುಳಿತು ಚಿತ್ರಿಸುತ್ತಾರೆ. ನೀನು ಘಾಟಿಯಲ್ಲಿ ಅದನ್ನು ಮಾಡಿದೆಯೋ, ನಾನೇ ಬಂದು ಕಿವಿ ಹಿಂಡುತ್ತೇನೆ.

ತಂಬೂರಿ

ಮಿಕ್ಸಿಯ ಸದ್ದಿಗೂ ಲೆಕ್ಕವಿದೆ. 3 ಸಿಲಿಂಡರ್ ಎಂದರೆ ಒಂದು ಸುತ್ತಿಗೆ ಒಂದೂವರೆ ಸಿಡಿತ. ನಿಮಿಷಕ್ಕೆ 3000 ಸುತ್ತಿನಲ್ಲಿ 75 ಹರ್ಟ್ಜ್. ನನ್ನ ತಂಬೂರಿಯ ಮಂದ್ರಕ್ಕಿಂತಲೂ ಕೆಳಗೆ. ಮೊಬೈಲಿನ ಪುಟ್ಟ ಸ್ಪೀಕರ್ ಆ ಸ್ವರವನ್ನು ನುಡಿಸಲಾರದು, ಮೇಲಿನ ಕಿರುಗುಟ್ಟುವಿಕೆಯನ್ನು ಮಾತ್ರ ನುಡಿಸುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿ. ನಿಮ್ಮ ಕಾರಿಗೂ ಒಂದು ದನಿ ಇರಬಹುದು. ಅಮ್ಮನಿಗೂ ಕೇಳಿಸಿ.

ಹಳೇ ಫಿಯೆಟ್

ಸದ್ದಿನ ವಿಷಯ ಬಂದದ್ದರಿಂದ ಟಿವಿಯ ಆಚೆಗೆ ಒಂದು ಹೆಜ್ಜೆ. 1976ರಲ್ಲಿ ಕ್ಲಾಡ್ ಲಲೂಶ್ ಎಂಬ ಫ್ರೆಂಚ್ ನಿರ್ದೇಶಕ ಮುಂಜಾನೆಯ ಪ್ಯಾರಿಸ್‌ನಲ್ಲಿ ಒಂದು ಕಾರಿನ ಮೂತಿಗೆ ಕ್ಯಾಮೆರಾ ಕಟ್ಟಿ, ಕೆಂಪು ದೀಪಗಳನ್ನೂ ಲೆಕ್ಕಿಸದೆ ಓಡಿಸಿ, ಎಂಟು ನಿಮಿಷದ ಒಂದು ಕಿರುಚಿತ್ರ ಮಾಡಿದ. ಒಂದೂ ಕಟ್ ಇಲ್ಲ, ಸಂಗೀತವೂ ಇಲ್ಲ. ಫೆರಾರಿಯೊಂದು ಗೇರ್ ಬದಲಿಸುತ್ತ ಕಿರುಚುವ ಸದ್ದು ಮಾತ್ರ. ಓಡಿದ್ದು ಫೆರಾರಿಯಲ್ಲ, ತನ್ನದೇ ಮರ್ಸಿಡಿಸ್ ಬೆಂಜ್ 450 ಎಸ್‌ಇಎಲ್ ಎಂದು ಆತನೇ ಆಮೇಲೆ ಹೇಳಿದ. ಎಣ್ಣೆ ಮತ್ತು ಅನಿಲದ ಸಸ್ಪೆನ್ಷನ್‌ನ ಮೆತ್ತನೆಯ ದೊಡ್ಡ ಕಾರು, ಕ್ಯಾಮೆರಾ ಅಲುಗಬಾರದಲ್ಲ. ಫೆರಾರಿ 275 ಜಿಟಿಬಿಯ ಸದ್ದನ್ನು ಬೇರೆಯಾಗಿ ಹಿಡಿದು ಅಂಟಿಸಿದ್ದ. ಕಣ್ಣಿಗೆ ಬೆಂಜ್, ಕಿವಿಗೆ ಫೆರಾರಿ. ನಾವು ನಂಬಿದ್ದು ಕಿವಿಯನ್ನು.

ಮೈಲೇಜ್ ಮಂಜ

ನಾನು ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕಾಯುತ್ತಿದ್ದದ್ದು ಇದಕ್ಕೇ. “ನಾವು ನಂಬಿದ್ದು” ಎಂದಿರಲ್ಲ ಸರ್, ಹಾಗಾದರೆ ಟೆಸ್ಲಾ ವಿಷಯಕ್ಕೆ ಬನ್ನಿ.

2008ರ ಡಿಸೆಂಬರ್‌ನಲ್ಲಿ ಟಾಪ್ ಗೇರ್ ಟೆಸ್ಲಾ ರೋಡ್‌ಸ್ಟರ್ ಎಂಬ ಎಲೆಕ್ಟ್ರಿಕ್ ಕಾರನ್ನು ಪರೀಕ್ಷಿಸಿತು. ಕಂಪನಿ ಒಂದು ಚಾರ್ಜಿಗೆ 200 ಮೈಲಿ ಎನ್ನುತ್ತದೆ, ನಮ್ಮ ಟ್ರ್ಯಾಕ್‌ನಲ್ಲಿ 55 ಮೈಲಿಗೆ, ಅಂದರೆ 88 ಕಿಲೋಮೀಟರಿಗೆ, ಬರಿದಾಗುತ್ತದೆ ಎಂದು ಲೆಕ್ಕ ಹಾಕಿದ್ದೇವೆ ಎಂದು ಕ್ಲಾರ್ಕ್ಸನ್ ಹೇಳಿದ. ಅಷ್ಟು ಹೇಳಿದ್ದರೆ ನನ್ನ ತಕರಾರಿಲ್ಲ. ಆದರೆ ಪರದೆಯ ಮೇಲೆ ಏನು ತೋರಿಸಿದರು? ನಾಲ್ಕು ಜನ ಕಾರನ್ನು ನೂಕಿಕೊಂಡು ಶೆಡ್ಡಿನೊಳಗೆ ಹಾಕುತ್ತಿದ್ದಾರೆ. ಪರೀಕ್ಷೆಗೆ ಕೊಟ್ಟ ಎರಡು ಕಾರುಗಳಲ್ಲಿ ಯಾವುದರ ಚಾರ್ಜೂ ಶೇ 20ಕ್ಕಿಂತ ಕೆಳಗೆ ಇಳಿದಿರಲಿಲ್ಲ ಎಂದು ಕಂಪನಿ ಹೇಳಿತು. 2011ರಲ್ಲಿ ಮೊಕದ್ದಮೆ ಹೂಡಿತು.

ಮಾತಿನಲ್ಲಿ ಸುಳ್ಳಿಲ್ಲ, ಸುಳ್ಳಿರುವುದು ಜೋಡಣೆಯಲ್ಲಿ. ಇದೇ ತಾನೇ ನೀವು ಹೊಗಳುತ್ತಿರುವ ಕಲೆ?

ಕಾವೆಂಟ್ರಿ ಕನ್ನಡತಿ

ಮಂಜಣ್ಣ, ಕಥೆಯ ಕಡೆಯ ಪುಟ ಬಿಟ್ಟುಬಿಟ್ಟಿರಿ. ಟೆಸ್ಲಾ ಸೋತಿತು. 2013ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅರ್ಜಿಯನ್ನು ತಳ್ಳಿಹಾಕಿತು. ರೇಸ್ ಟ್ರ್ಯಾಕ್‌ನಲ್ಲಿ ಹಿಂಡಿ ಓಡಿಸುವುದಕ್ಕೂ ಸಾಧಾರಣ ರಸ್ತೆಯಲ್ಲಿ ಓಡಿಸುವುದಕ್ಕೂ ವ್ಯತ್ಯಾಸವಿದೆ ಎಂದು ನೋಡುಗನಿಗೆ ಅರ್ಥವಾಗುತ್ತದೆ ಎನ್ನುವುದು ನ್ಯಾಯಾಲಯದ ನಿಲುವು.

ಮೈಲೇಜ್ ಮಂಜ

ನ್ಯಾಯಾಲಯಕ್ಕೆ ಅರ್ಥವಾಗುತ್ತದೆ. ನಮ್ಮ ಮಾವನಿಗೆ ಅರ್ಥವಾಗುವುದಿಲ್ಲ. ಎಲೆಕ್ಟ್ರಿಕ್ ಕಾರು ಎಂದರೆ ನೂಕುವ ಕಾರು ಎಂದು ಇವತ್ತಿಗೂ ಹೇಳುತ್ತಾರೆ. ಆ ಸಂಚಿಕೆ ಅವರು ನೋಡಿಯೇ ಇಲ್ಲ, ಯಾರೋ ಕಳಿಸಿದ ತುಣುಕು ನೋಡಿದ್ದಾರೆ.

ಕತ್ತರಿ ಕೆಲಸ

ಈ ಒಂದು ವಿಷಯದಲ್ಲಿ ನಾನು ಮಂಜಣ್ಣನ ಪಕ್ಷ. ವೇರಾನ್ ಪಂದ್ಯದಲ್ಲಿ ಲೀಲ್‌ನ ಸುದ್ದಿಯನ್ನು ಹತ್ತು ನಿಮಿಷ ಬಚ್ಚಿಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಕಾರು ನಿಂತೇ ಹೋಯಿತೆಂಬಂತೆ ನೂಕಿ ತೋರಿಸುವುದು ಬೇರೆ. ಎರಡಕ್ಕೂ ಬಳಸುವ ಕತ್ತರಿ ಒಂದೇ ಆದ್ದರಿಂದ ನಮ್ಮ ಕಸುಬಿನಲ್ಲಿ ಈ ಗೆರೆ ದಿನವೂ ಕಾಲಿಗೆ ಸಿಕ್ಕುತ್ತದೆ. ಧಾರಾವಾಹಿಯ ಅತ್ತೆಯನ್ನು ಕೆಟ್ಟವಳಾಗಿ ಮಾಡಲು ನನಗೆ ಎರಡು ಸೆಕೆಂಡಿನ ಒಂದು ಓರೆನೋಟ ಸಾಕು. ಆ ನಟಿ ಪಾಪ ಆಗ ಗಡಿಯಾರ ನೋಡುತ್ತಿದ್ದರು.

ಕಾವೆಂಟ್ರಿ ಕನ್ನಡತಿ

ಅಂದದ ಹಂಗೇ ಇಲ್ಲದೆ ಗೆದ್ದ ಒಂದು ಸರಣಿಯನ್ನು ನೆನಪಿಸಬೇಕು. 2004ರ ಲಾಂಗ್ ವೇ ರೌಂಡ್. ನಟ ಇವಾನ್ ಮೆಕ್‌ಗ್ರೆಗರ್ ಮತ್ತು ಗೆಳೆಯ ಚಾರ್ಲಿ ಬೋರ್ಮನ್ ಲಂಡನ್‌ನಿಂದ ಪೂರ್ವಕ್ಕೆ ಹೊರಟು ನ್ಯೂಯಾರ್ಕ್ ಸೇರುತ್ತಾರೆ, ಬೈಕಿನಲ್ಲಿ. ಮೂರನೆಯ ಬೈಕಿನಲ್ಲಿ ಇದ್ದವರು ಕ್ಯಾಮೆರಾಮನ್ ಕ್ಲಾಡಿಯೊ ಫಾನ್ ಪ್ಲಾಂಟಾ. ಹೊರಡುವ ಮುನ್ನ ಬೈಕ್ ಪರೀಕ್ಷೆಯಲ್ಲಿ ಫೇಲಾದವರು! ಮಂಗೋಲಿಯಾದಲ್ಲಿ ಅವರ ಬೈಕಿನ ಚೌಕಟ್ಟು ಮುರಿದು, ಬದಲಿಗೆ ಒಂದು ಕೆಂಪು ರಷ್ಯನ್ ಬೈಕ್ ಕೊಂಡರು. ನಾಯಕರು ಕೆಸರಿನಲ್ಲಿ ಬಿದ್ದಾಗ ಕ್ಯಾಮೆರಾವೂ ಬಿದ್ದಿರುತ್ತದೆ, ಇಲ್ಲವೇ ಬೀಳುವುದರಲ್ಲಿರುತ್ತದೆ. ಹೆಲ್ಮೆಟ್ ಕ್ಯಾಮೆರಾದ ಕೊಳಕು ಚಿತ್ರ, ಏದುಸಿರು, ಮಳೆಹನಿ ಒರೆಸಿದ ಲೆನ್ಸ್. ಈನೋ ಬೇಕಾಗಲೇ ಇಲ್ಲ.

ಇದಕ್ಕೆ ತದ್ವಿರುದ್ಧ, 2016ರ ನವೆಂಬರ್‌ನಲ್ಲಿ ಅಮೆಜಾನ್‌ನಲ್ಲಿ ಬಂದ, ಟಾಪ್ ಗೇರ್ ಬಿಟ್ಟ ಅದೇ ಮೂವರ ಹೊಸ ಕಾರ್ಯಕ್ರಮ ‘ದ ಗ್ರ್ಯಾಂಡ್ ಟೂರ್’ನ ಆರಂಭ. ಮಳೆ ಹಿಡಿದ ಲಂಡನ್ನಿನಲ್ಲಿ ಬಣ್ಣವೇ ಇಲ್ಲ, ಎಲ್ಲ ಬೂದಿ. ಕ್ಲಾರ್ಕ್ಸನ್ ಗುರುತಿನ ಚೀಟಿ ಒಪ್ಪಿಸಿ ಹೊರಬರುತ್ತಾನೆ. ಲಾಸ್ ಏಂಜಲೀಸ್‌ನಲ್ಲಿ ಇಳಿಯುತ್ತಲೂ ಬಿಸಿಲು, ನೀಲಿ ಮಸ್ಟಾಂಗ್ ಕಾರು, ಮರುಭೂಮಿ, ಉಳಿದಿಬ್ಬರು ಎರಡು ಬದಿಯಿಂದ ಬಂದು ಸೇರುವುದು, ವೇದಿಕೆಯ ಮೇಲೆ ಬ್ಯಾಂಡ್. ಒಂದು ಕೆಲಸ ಕಳೆದುಕೊಂಡವನ ಕಥೆಯನ್ನು ಮಾತಿಲ್ಲದೆ ಬರೀ ಬಣ್ಣದಲ್ಲಿ ಹೇಳಿದರು. ಬಿಬಿಸಿಯ ಸಗಟು ಒಪ್ಪಂದ ಅಲ್ಲಿರಲಿಲ್ಲ, ಆದ್ದರಿಂದ ಹಾಡನ್ನು ಬ್ಯಾಂಡ್ ಕರೆಸಿ ಎದುರಿಗೇ ಹಾಡಿಸಿದರು ಎಂದು ನನ್ನ ಊಹೆ. ಆದರೆ ಆಮೇಲಿನ ಸಂಚಿಕೆಗಳಲ್ಲಿ ಪ್ರತಿ ದೃಶ್ಯವೂ ಕ್ಯಾಲೆಂಡರ್ ಚಿತ್ರ. ದಿನವೂ ಹೋಳಿಗೆ ಬಡಿಸಿದರೆ ಮೂರನೆಯ ದಿನ ಉಪ್ಪಿನಕಾಯಿ ಕೇಳುತ್ತೇವೆ.

ಹಳೇ ಫಿಯೆಟ್

ಹೋಳಿಗೆಗೂ ಉಪ್ಪಿನಕಾಯಿಗೂ ನಡುವಿನದು ಒಂದಿದೆ. ಜೇಮ್ಸ್ ಮೇ 2007ರಲ್ಲಿ ಜರ್ಮನಿಯ ಎಹ್ರಾ-ಲೆಸಿಯನ್ ಪರೀಕ್ಷಾ ಪಥದಲ್ಲಿ ವೇರಾನ್ ಅನ್ನು ಗಂಟೆಗೆ 407 ಕಿಲೋಮೀಟರ್ ಓಡಿಸಿದ್ದು. ಎದುರಿಗೆ ಸುಮಾರು 9 ಕಿಲೋಮೀಟರ್ ನೇರ ರಸ್ತೆ. ಮೇ ಕೂಗುವ ಮನುಷ್ಯನಲ್ಲ, ಲೆಕ್ಕ ಒಪ್ಪಿಸುವ ಗುಮಾಸ್ತನ ಹಾಗೆ ಏರುತ್ತಿರುವ ಅಂಕಿ ಓದುತ್ತಾನೆ. ಆ ದನಿಯೇ ಅಲ್ಲಿನ ಹಿನ್ನೆಲೆ ಸಂಗೀತ. ನನ್ನ ಫಿಯೆಟ್ 80 ದಾಟಿದಾಗ ನಾನು ಇದಕ್ಕಿಂತ ಹೆಚ್ಚು ಗಲಾಟೆ ಮಾಡುತ್ತಿದ್ದೆ.

ಘಾಟಿರಸ್ತೆ

ಎರಡು ವಾರ ಮರೆಯಾಗಿದ್ದಕ್ಕೆ ಕ್ಷಮಿಸಿ. ಹೊಸ ವಿಡಿಯೊ ಹಾಕಿದ್ದೇನೆ, ನಾಲ್ಕು ನಿಮಿಷದ್ದು.

ಎನ್‌ಡಿ ಫಿಲ್ಟರ್ ತರಿಸಿಕೊಂಡೆ. ಚಕ್ರ ತಿರುಗುತ್ತಿದೆ! ಕತ್ತರಿ ಅಣ್ಣ ಹೇಳಿದಂತೆ ಒಂದು ತಿರುವಿನ ಒಳಗೆ, ತಡೆಗೋಡೆಯ ಆಚೆ, ಗೆಳೆಯನನ್ನು ಕೂರಿಸಿದೆ. ಅವನ ಕಾಲಿಗೆ ಮೂರು ಜಿಗಣೆ ಹತ್ತಿದ್ದವು, ಅದು ವಿಡಿಯೊದಲ್ಲಿಲ್ಲ. ಸದ್ದನ್ನು ಬೇರೆ ಮೊಬೈಲಿನಲ್ಲಿ, ಡಿಕ್ಕಿಯೊಳಗೆ ಕಂಬಳಿ ಸುತ್ತಿ ಹಿಡಿದೆ. ಎರಡನ್ನೂ ಹೊಂದಿಸಲು ಚಪ್ಪಾಳೆ ಬೇಕು ಎಂದು ಓದಿದ್ದೆ. ಚಾರ್ಮಾಡಿಯಲ್ಲಿ ಚಪ್ಪಾಳೆ ಯಾಕೆ, ಪ್ರತಿ ತಿರುವಿಗೂ ಹಾರ್ನ್ ಹೊಡೆಯಲೇಬೇಕು. ಹಾರ್ನಿಗೆ ಹಾರ್ನ್ ಹೊಂದಿಸಿದೆ. ಹಿನ್ನೆಲೆಗೆ ಏನೂ ಹಾಕಿಲ್ಲ. ನಡುವೆ ಒಂದು ಕಡೆ ಮಂಜು ಮುಸುಕಿ ಕಾರು ಕಾಣುವುದಿಲ್ಲ, ಸದ್ದು ಮಾತ್ರ ಹತ್ತುತ್ತ ಹೋಗುತ್ತದೆ. ಕತ್ತರಿಸಿ ಎಸೆಯಬೇಕೆಂದಿದ್ದೆ, ಅಮ್ಮ ಬೇಡ ಎಂದರು.

ತಂಬೂರಿ

ಹೆಡ್‌ಫೋನ್ ಹಾಕಿ ಕೇಳಿದೆ. ಆ ಮಂಜಿನ ಜಾಗವನ್ನು ನಾಲ್ಕು ಸಲ ಕೇಳಿದೆ. ಎರಡನೆಯ ಗೇರಿನಲ್ಲಿ ದನಿ ಎಷ್ಟು ಚೆನ್ನಾಗಿ ನಿಂತಿದೆ.

ಕತ್ತರಿ ಕೆಲಸ

ಮಂಜಿನ ನಂತರದ ದೃಶ್ಯ ಎಂಟು ಚಿತ್ರದಷ್ಟು ಬೇಗ ಬಂದಿದೆ. ಇನ್ನೊಂದು ಉಸಿರು ಕಾಯಬೇಕಿತ್ತು. ಉಳಿದದ್ದಕ್ಕೆ ನನ್ನ ಮಾತಿಲ್ಲ. ಅಮ್ಮನಿಗೆ ನಮಸ್ಕಾರ ತಿಳಿಸು.

ಮೈಲೇಜ್ ಮಂಜ

ಚೆನ್ನಾಗಿದೆ ತಮ್ಮ, ನಾನೂ ಪೂರ್ತಿ ನೋಡಿದೆ. ಮೈಲೇಜ್ ಎಷ್ಟು ಬಂತು?

ಘಾಟಿರಸ್ತೆ

ಒಂದೇ ತಿರುವನ್ನು ಒಂಬತ್ತು ಸಲ ಹತ್ತಿ ಇಳಿದಿದ್ದೇನೆ ಮಂಜಣ್ಣ. ಲೀಟರಿಗೆ 9.4.

ಮೈಲೇಜ್ ಮಂಜ

ಎಸಿ ಹಾಕಿದ್ದೆಯಾ?

ಘಾಟಿರಸ್ತೆ

ಇಲ್ಲ. ಎಂಜಿನ್ ಸದ್ದಿಗೆ ಅಡ್ಡ ಬರುತ್ತಿತ್ತು.